ಅಂಗಡಿಯ ಬೆಳಕು, ಅಂಗಳದ ಬೆಳಕು

ಬಟ್ಟೆ ಅಂಗಡಿಯಿಂದ ಹೊರಬರುವ ಸಂಸಾರವನ್ನು ನೋಡಿದರೆ ಯಾರ ಮಾತು ನಡೆಯಿತು, ಯಾರದು ನಡೆಯಲಿಲ್ಲ ಎಂಬುದು ಮುಖದಲ್ಲೇ ತಿಳಿಯುತ್ತದೆ. ಚೀಲ ಹಿಡಿದು ಮುಂದೆ ಓಡುವವರು ಮಕ್ಕಳು. ಬಿಲ್ಲನ್ನು ಇನ್ನೊಮ್ಮೆ ಓದುತ್ತ ಹಿಂದೆ ಉಳಿಯುವವರು ಅಪ್ಪ. ನಡುವೆ, ಎದುರಿನ ಅಂಗಡಿಯ ಗಾಜಿನತ್ತ ಒಂದು ಕಣ್ಣಿಟ್ಟು, 'ಅಲ್ಲೂ ಒಂದ್ಸಲ ನೋಡಬೇಕಿತ್ತು' ಎಂದುಕೊಳ್ಳುವವರು ಅವ್ವ. ಮನೆ ಮುಟ್ಟಿದ ಮೇಲೆ ಶುರುವಾಗುವ ಜಗಳಕ್ಕೆ ಪೀಠಿಕೆ ಅಲ್ಲೇ ಸಿದ್ಧವಾಗಿರುತ್ತದೆ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆ ಬಟ್ಟೆ ಅಂಗಡಿಗಳಿಲ್ಲವೆಂದಲ್ಲ. ಲುಂಗಿ, ಟವೆಲು, ಬನಿಯನ್ನು, ಮಕ್ಕಳ ಚಡ್ಡಿ ಊರಲ್ಲೇ ಸಿಗುತ್ತವೆ, ಸಂತೆಯಲ್ಲೂ ಸಿಗುತ್ತವೆ. ಆದರೆ ಮದುವೆ, ಹಬ್ಬ, ಕಾಲೇಜು ಎಂದರೆ ಅನೇಕರಿಗೆ ಹುಬ್ಬಳ್ಳಿ ಇಲ್ಲವೇ ಧಾರವಾಡವೇ ಆಗಬೇಕು. ದಾಂಡೇಲಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರು. ಜೋಯಿಡಾದವರು ಅದಕ್ಕೂ ಮೊದಲು ಕಾಡುದಾರಿ ಹಿಡಿದು ದಾಂಡೇಲಿಗೆ ಬರಬೇಕು. ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ, ಆದರೂ ಅರ್ಧ ದಿನ ಹೋಗುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದ ಮೇಲೆ ಲೆಕ್ಕ ಸ್ವಲ್ಪ ಬದಲಾಗಿದೆ. ಅವ್ವ, ಮಗಳು ಹೋಗಿಬಂದರೆ ಬಸ್ ಚಾರ್ಜು ಸೊನ್ನೆ. ಅಪ್ಪ ಜೊತೆಗೂಡಿದರೆ ಅವರದ್ದೊಬ್ಬರದೇ ಖರ್ಚು. 'ನೀವ್ಯಾಕ ಬರ್ತೀರಿ ಸುಮ್ನ' ಎಂಬ ಮಾತಿಗೆ ಈಗ ಅರ್ಥಶಾಸ್ತ್ರದ ಬೆಂಬಲವೂ ಸಿಕ್ಕಿದೆ. ಆದರೂ ಅಪ್ಪಂದಿರು ಹೋಗುತ್ತಾರೆ. ದುಡ್ಡು ಅವರ ಕಿಸೆಯಲ್ಲಿರುತ್ತದಲ್ಲ!

ಬಂಗೂರನಗರದ ಸಮೀಪದ ಒಂದು ಮನೆಯ ಮಾತು. ಅಪ್ಪನಿಗೆ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಮಗಳು ಪಿಯುಸಿ ಮೊದಲ ವರ್ಷ, ಮಗ ಏಳನೆಯ ಇಯತ್ತೆ. ಅಲ್ಲಿಯವರೆಗೆ ಇಬ್ಬರ ಬಟ್ಟೆಯನ್ನೂ ಅವ್ವನೇ ಆರಿಸಿದ್ದು. ಕಾಲೇಜಿನ ಗ್ಯಾದರಿಂಗ್ ಹತ್ತಿರ ಬಂದಾಗ, 'ಈ ಸಲ ನಾನ ಆರಸ್ತೀನಿ' ಎಂದಳು ಮಗಳು. ಮನೆಯವರು ಒಪ್ಪಿದರು. ಹದಿನಾರು ವರ್ಷದ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ. ತನಗೇನು ಒಪ್ಪುತ್ತದೆ ಎಂದು ಹೇಳುವ ಅಧಿಕಾರ ಮೊದಲ ಸಲ ಕೈಗೆ ಬಂದಿತ್ತು.

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತ ನಾಲ್ಕು ಅಂಗಡಿ ಹತ್ತಿ ಇಳಿದರು. ಐದನೆಯದರಲ್ಲಿ ಟಾಪಿಗೆ ಎರಡೂವರೆ ಮೀಟರು ಹತ್ತಿ ಬಟ್ಟೆ ಸಿಕ್ಕಿತು, ಗಾಢ ನೀಲಿ. ಅದಕ್ಕೆ ತಕ್ಕ ವೇಲು ಅಲ್ಲಿರಲಿಲ್ಲ. ಪಕ್ಕದ ಮ್ಯಾಚಿಂಗ್ ಸೆಂಟರಿಗೆ ಬಟ್ಟೆಯನ್ನು ಒಯ್ದು, ಇಪ್ಪತ್ತು ವೇಲು ತೆಗೆಸಿ, ಒಂದೊಂದನ್ನೂ ಮೇಲಿಟ್ಟು ನೋಡಿ, ಕೊನೆಗೆ ಒಂದನ್ನು ಮಗಳು ಆರಿಸಿದಳು. ಎಲ್ಲಿ ಟಾಪು ಮುಗಿಯಿತು, ಎಲ್ಲಿ ವೇಲು ಶುರುವಾಯಿತು ಎಂದು ಗೊತ್ತಾಗದಷ್ಟು ಹೊಂದಿಕೆ. ಅಂಗಡಿಯವನೂ ಮೆಚ್ಚಿದ: 'ಕಣ್ಣು ಭಾಳ ಚಲೋ ಅದ ತಂಗಿ ನಿಂದು.'

ಗ್ಯಾದರಿಂಗಿನ ದಿನ ಬೆಳಿಗ್ಗೆ ಹತ್ತರ ಬಿಸಿಲು. ಕಾಲೇಜಿನ ಮೈದಾನದಲ್ಲಿ ಗೆಳತಿಯೊಬ್ಬಳು ಕೇಳಿದಳು: 'ವೇಲ್ ಬ್ಯಾರೆ ಸೆಟ್ಟಿಂದೇನ?' ಹುಡುಗಿ ಕತ್ತು ಬಗ್ಗಿಸಿ ನೋಡಿದಳು. ಟಾಪು ನೀಲಿಯಾಗಿಯೇ ಇತ್ತು. ವೇಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಅವಳು ವೇಲನ್ನು ಮಡಿಚಿ ಚೀಲಕ್ಕೆ ಹಾಕಿ, ಉಳಿದ ಹೊತ್ತು ಹಿಂದಿನ ಸಾಲಿನಲ್ಲಿ ಕುಳಿತು ಬಂದಳು.

ಮನೆಯಲ್ಲಿ ಅಪ್ಪ ಕೇಳಿದರು: 'ನಾಲ್ಕ ತಾಸ ಹುಬ್ಬಳ್ಳಿ ತಿರುಗಿಸಿದಿ. ಕಣ್ಣ ಎಲ್ಲಿ ಇಟ್ಟಿದ್ದಿ?' ಅವ್ವ ಹೇಳಿದರು: 'ನಾ ಆವಾಗ್ಲೇ ಹೇಳಿದ್ದೆ.' (ಅವರು ಹೇಳಿರಲಿಲ್ಲ. ಆದರೆ ಇಂಥ ಸಂದರ್ಭದಲ್ಲಿ ಎಲ್ಲ ಮನೆಗಳಲ್ಲೂ ಯಾರಾದರೊಬ್ಬರು ಆವಾಗಲೇ ಹೇಳಿರುತ್ತಾರೆ.) ಮಗಳು, 'ಅಂಗಡ್ಯಾಗ ಹಿಂಗಿದ್ದಿಲ್ಲ' ಎಂದಳು. ಯಾರೂ ನಂಬಲಿಲ್ಲ. ಮುಂದಿನ ಸಲ ಚಪ್ಪಲಿ ತರಲು ಹೋದಾಗ, ಯಾವುದು ಬೇಕೆಂದು ಕೇಳಿದರೆ ಅವಳು ಹೇಳಿದ್ದು ಎರಡೇ ಮಾತು: 'ನೀವ ಆರಸ್ರಿ.'

ಆ ವೇಲಿಗೆ ಕೊಟ್ಟದ್ದು 250 ರೂಪಾಯಿ. ಅಪ್ಪ ಬೇಸರಪಟ್ಟದ್ದು ಅದಕ್ಕೆ. ಆದರೆ ನಿಜವಾಗಿ ಕಳೆದುಹೋದದ್ದು ಆ ಎರಡು ಮಾತಿನಲ್ಲಿತ್ತು.

ಹುಡುಗಿಯ ಕಣ್ಣಿನಲ್ಲಿ ತಪ್ಪಿರಲಿಲ್ಲ. ಅಂಗಡಿಯವನು ಮೋಸ ಮಾಡಿದನೆನ್ನುವುದಕ್ಕೂ ಆಧಾರವಿಲ್ಲ. ತಪ್ಪಿದ್ದು ದೀಪದಲ್ಲಿ.

ಬಣ್ಣ ಬಟ್ಟೆಯಲ್ಲಿದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಅರ್ಧ ಮಾತ್ರ ನಿಜ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವು ಭಾಗವನ್ನು ಬಟ್ಟೆ ನುಂಗುತ್ತದೆ, ಉಳಿದದ್ದನ್ನು ಹಿಂದಕ್ಕೆ ಕಳಿಸುತ್ತದೆ. ಕಣ್ಣಿಗೆ ಬೀಳುವುದು ಹಿಂದಕ್ಕೆ ಬಂದದ್ದು ಮಾತ್ರ. ಬಿದ್ದ ಬೆಳಕಿನಲ್ಲೇ ಇಲ್ಲದ ಬಣ್ಣವನ್ನು ಯಾವ ಬಟ್ಟೆಯೂ ಕಳಿಸಲಾರದು. ಬಿಸಿಲಿನಲ್ಲಿ ನೇರಳೆಯಿಂದ ಕಡುಗೆಂಪಿನವರೆಗೆ ಎಲ್ಲವೂ ಇವೆ. ಅಂಗಡಿಯ ಬಿಳಿ ಎಲ್‌ಇಡಿ ದೀಪದ ಒಳಗಿರುವುದು ವಾಸ್ತವವಾಗಿ ನೀಲಿ ಬೆಳಕು. ಅದರ ಮೇಲೆ ಬಳಿದ ಹಳದಿ ಲೇಪವು ಸ್ವಲ್ಪ ನೀಲಿಯನ್ನು ಹಳದಿಯಾಗಿ ಮಾರ್ಪಡಿಸಿ, ಎರಡೂ ಕೂಡಿ ಬಿಳಿಯಂತೆ ಕಾಣುವ ಹಾಗೆ ಮಾಡುತ್ತದೆ. ಆ ನೀಲಿ ದೀಪವನ್ನು ಸಾಧ್ಯ ಮಾಡಿದ ಜಪಾನಿನ ಮೂವರು ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ದೀಪ ಒಳ್ಳೆಯದೇ, ಕರೆಂಟು ಉಳಿಸುತ್ತದೆ. ಆದರೆ ಸಾಧಾರಣ ಬಿಳಿ ಎಲ್‌ಇಡಿಯಲ್ಲಿ ಕಡುಗೆಂಪು ಬಹಳ ಕಡಿಮೆ.

ಎರಡು ಬಟ್ಟೆ ಅಂಗಡಿಯಲ್ಲಿ ಒಂದೇ ಆಗಿ ಕಂಡು ಹೊರಗೆ ಬೇರೆಯಾಗುವುದು ಹೇಗೆ? ಅದಕ್ಕೆ ಮೂರನೆಯ ಇಯತ್ತೆಯ ಲೆಕ್ಕ ಸಾಕು. 5ಕ್ಕೆ 3 ಕೂಡಿಸಿದರೂ 8, 6ಕ್ಕೆ 2 ಕೂಡಿಸಿದರೂ 8. ಕಣ್ಣಿಗೆ ಕಾಣುವುದು ಮೊತ್ತ ಮಾತ್ರ, ಒಳಗಿನ ವಿವರವಲ್ಲ. ಈಗ ಎರಡನೆಯ ಸಂಖ್ಯೆ ಕೆಂಪಿನ ಪಾಲು ಎಂದುಕೊಳ್ಳಿ. ಬಿಸಿಲಿಗೆ ಬಂದಾಗ ಕೆಂಪು ಇಮ್ಮಡಿಯಾಯಿತು. ಮೊದಲನೆಯದು 5 ಕೂಡಿಸು 6, ಅಂದರೆ 11. ಎರಡನೆಯದು 6 ಕೂಡಿಸು 4, ಅಂದರೆ 10. ಅಂಗಡಿಯಲ್ಲಿ ಸಮ, ಅಂಗಳದಲ್ಲಿ ಅಸಮ. ಕಣ್ಣಿನ ಒಳಪರದೆಯಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರೇ ಬಗೆಯವು. ಬೆಳಕಿನ ನೂರು ತೆರನ ಮಿಶ್ರಣಗಳನ್ನು ಅವು ಮೂರೇ ಮೊತ್ತಗಳಾಗಿ ಓದುತ್ತವೆ. ಹಾಗಾಗಿ ಈ ಮೋಸ ಎಲ್ಲರ ಕಣ್ಣಿಗೂ ಆಗುತ್ತದೆ. ವಿಜ್ಞಾನದಲ್ಲಿ ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಸೀರೆಗೆ ಹೊಂದುವ ಬ್ಲೌಸ್ ಪೀಸು ಹುಡುಕಿ ಸುಸ್ತಾದ ಅವ್ವಂದಿರಿಗೆ ಹೆಸರು ಗೊತ್ತಿಲ್ಲದಿದ್ದರೂ ಸಂಗತಿ ಚೆನ್ನಾಗಿ ಗೊತ್ತು.

ಟಾಪೂ ವೇಲೂ ಒಂದೇ ನೂಲಿನವಾಗಿದ್ದರೆ ಇಷ್ಟು ತೊಂದರೆ ಬರದೆ ಇರಬಹುದಿತ್ತು. ಟಾಪು ಹತ್ತಿ, ವೇಲು ಪಾಲಿಯೆಸ್ಟರ್. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಪಾಲಿಯೆಸ್ಟರಿಗೆ ಬೇರೆಯೇ ಜಾತಿಯ ಬಣ್ಣ ಬೇಕು. ಅದನ್ನು ಸಾಮಾನ್ಯವಾಗಿ ಒತ್ತಡದಲ್ಲಿ, 130 ಡಿಗ್ರಿಯಷ್ಟು ಕಾವಿನ ನೀರಿನಲ್ಲಿ ಏರಿಸುತ್ತಾರೆ. ಎರಡು ಬೇರೆ ರಾಸಾಯನಿಕಗಳು ಒಂದು ದೀಪದ ಕೆಳಗೆ ಒಂದೇ ನೀಲಿಯಾಗಿ ಕಂಡವು ಅಷ್ಟೆ.

ಆ ಬದನೆಕಾಯಿ ಬಣ್ಣಕ್ಕೂ ಒಂದು ಕಥೆಯಿದೆ, ಹದಿಹರೆಯದವರು ಓದಬೇಕಾದದ್ದು. 1856ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಎಂಬ 18 ವರ್ಷದ ಹುಡುಗ ಈಸ್ಟರ್ ರಜೆಯಲ್ಲಿ ಮನೆಯ ಪ್ರಯೋಗಶಾಲೆಯಲ್ಲಿ ಕ್ವಿನೈನ್ ತಯಾರಿಸಲು ಹೊರಟಿದ್ದ. ಮಲೇರಿಯಾಕ್ಕೆ ಆಗ ಅದೇ ಮದ್ದು. ಹಳಿಯಾಳ, ಸೂಪಾ ಸೀಮೆಯ ಹಿರಿಯರಿಗೆ ಆ ಜ್ವರದ ಹೆಸರು ಹೊಸದಲ್ಲ. ಕ್ವಿನೈನ್ ಬರಲಿಲ್ಲ. ಪಾತ್ರೆಯ ತಳದಲ್ಲಿ ಕಪ್ಪು ಗಸಿ ಉಳಿಯಿತು. ತೊಳೆಯಲು ಮದ್ಯಸಾರ ಹಾಕಿದರೆ ಸೊಗಸಾದ ನೇರಳೆ ಬಣ್ಣ ಬಿಟ್ಟಿತು. ಜಗತ್ತಿನ ಸಂಶ್ಲೇಷಿತ ಬಣ್ಣದ ಉದ್ಯಮ ಶುರುವಾದದ್ದು ಹಾಗೆ. ಅದುವರೆಗೆ ನೇರಳೆ ಬಟ್ಟೆ ಸಿರಿವಂತರ ಸೊತ್ತಾಗಿತ್ತು. ಇಂದು ಸಂತೆಯಲ್ಲಿ ಅದು ಹಾಸಿಕೊಂಡು ಬಿದ್ದಿದೆ, ಬೇಡವೆಂದವರ ಹೆಗಲಿಗೂ ಬಂದು ಕೂರುತ್ತದೆ.

ಇನ್ನು ಅಪ್ಪನ ವಿಚಾರ. ಕಾಗದದ ಕಾರ್ಖಾನೆಗಳಲ್ಲಿ ಹಾಳೆ ಎಷ್ಟು ಬಿಳಿ ಎಂಬುದನ್ನು ಯಾರ ಕಣ್ಣಿಗೂ ಬಿಡುವುದಿಲ್ಲ. ಗೊತ್ತುಪಡಿಸಿದ ದೀಪವಿರುವ ಯಂತ್ರದೊಳಗೆ ಹಾಳೆಯನ್ನಿಟ್ಟು, 457 ನ್ಯಾನೋಮೀಟರಿನ ನೀಲಿ ಬೆಳಕನ್ನು ಅದು ಎಷ್ಟು ಹಿಂದಕ್ಕೆ ಕಳಿಸುತ್ತದೆ ಎಂದು ಅಳೆಯುತ್ತಾರೆ. ಕಿಟಕಿಯ ಬಳಿ ಬಿಳಿಯಾಗಿ ಕಂಡ ಹಾಳೆ ಟ್ಯೂಬ್‌ಲೈಟಿನ ಕೆಳಗೆ ಮಂಕಾಗಿ ಕಾಣುತ್ತದೆಂದು ಕಾಗದದವರಿಗೆ ಗೊತ್ತು. ಈ ಅಪ್ಪನಿಗೂ ಗೊತ್ತಿತ್ತು. ಕಾರ್ಖಾನೆಯಲ್ಲಿ ಇದ್ದ ಆ ತಿಳಿವಳಿಕೆ ಗೇಟು ದಾಟಿ ಮನೆಗೆ ಬಂದಿರಲಿಲ್ಲ. ಒಂದು ವಾರದ ಮೇಲೆ ರಾತ್ರಿ ಪಾಳಿ ಮುಗಿಸಿ ಬಂದವರು ಬಟ್ಟೆ ಬದಲಿಸದೆ ಟ್ರಂಕು ತೆಗೆದು, ಟಾಪನ್ನೂ ವೇಲನ್ನೂ ಅಂಗಳಕ್ಕೆ ಒಯ್ದು ನೋಡಿದರು. ಒಳಗೆ ತಂದು ದೀಪ ಹಾಕಿ ನೋಡಿದರು. ಮತ್ತೆ ಹೊರಗೆ ಒಯ್ದರು. ಮಗಳು ಹಲ್ಲುಜ್ಜುತ್ತ ನೋಡುತ್ತಿದ್ದಳು. 'ಅಂಗಡ್ಯಾಗ ಒಂದ ಆಗಿದ್ವು, ಖರೆ' ಎಂದರು. ಅಪ್ಪಂದಿರಿಗೆ ಅದಕ್ಕಿಂತ ದೊಡ್ಡ ಕ್ಷಮಾಪಣೆ ಬರುವುದಿಲ್ಲ.

ಇಷ್ಟಕ್ಕೆ ಮುಗಿಯಲಿಲ್ಲ. ಟಾಪನ್ನು ಮೊದಲ ಸಲ ಒಗೆದು ಒಣಹಾಕಿದಾಗ ಅದು ಗಿಡ್ಡವಾಯಿತು. ಈ ಸಲ ಬೈಸಿಕೊಂಡವನು ಟೇಲರು. ಅವನದೂ ತಪ್ಪಲ್ಲ. ಮಗ್ಗದ ಮೇಲೆ ಹಾಸಿನ ನೂಲನ್ನು ಬಿಗಿದು ನೇಯುತ್ತಾರೆ. ಆಮೇಲೆ ಬಣ್ಣ, ಗಂಜಿ, ಇಸ್ತ್ರಿ ಎಂದು ಬಟ್ಟೆಯನ್ನು ಇನ್ನಷ್ಟು ಎಳೆದೇ ಇಟ್ಟಿರುತ್ತಾರೆ. ನೀರು ಕುಡಿದೊಡನೆ ಹತ್ತಿಯ ಎಳೆ ಉಬ್ಬುತ್ತದೆ, ಬಿಗಿ ಸಡಿಲುತ್ತದೆ, ನೂಲು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. 40 ಇಂಚಿನ ಟಾಪು ನೂರಕ್ಕೆ ಐದರಷ್ಟು ಕುಗ್ಗಿದರೆ ಹೋಗುವುದು ಎರಡು ಇಂಚು. ಬೆಳೆಯುವ ಹುಡುಗಿಗೆ ಎರಡಿಂಚೆಂದರೆ ಒಂದು ವರ್ಷದ ಬಾಳಿಕೆ.

ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಇದಕ್ಕೆ ಒಂದು ಉಪಾಯ ಕಂಡುಹಿಡಿದ. ಗಿರಣಿಯಲ್ಲೇ ಬಟ್ಟೆಯನ್ನು ಒತ್ತಿ, ಕುಗ್ಗುವಷ್ಟನ್ನೂ ಮೊದಲೇ ಕುಗ್ಗಿಸಿ ಕಳಿಸುವುದು. ಹಳೆಯ ಷರ್ಟು ಬಟ್ಟೆಯ ಅಂಚಿನಲ್ಲಿ 'ಸ್ಯಾನ್‌ಫರೈಸ್ಡ್' ಎಂಬ ಮುದ್ರೆ ಇರುತ್ತಿದ್ದುದು ಅವನ ಹೆಸರಿನಿಂದ. ಅವನಿಗೂ ಮೊದಲೇ ಈ ಕಡೆಯ ಅಜ್ಜಿಯರು ಬಲ್ಲ ಉಪಾಯ ಇನ್ನೂ ಸರಳ: ಹೊಲಿಯಲು ಕೊಡುವ ಮುನ್ನ ಬಟ್ಟೆಯನ್ನು ಒಂದು ರಾತ್ರಿ ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡದೆ ಒಣಗಿಸುವುದು. ಜೊತೆಗೆ ಕಾಲು ಮೀಟರು ಹೆಚ್ಚು ತರುವುದು. ಹಾಂ, ಅಜ್ಜಿಯರ ಲೆಕ್ಕ ಇನ್ನೂ ವಾರದಲ್ಲಿ. ವಾರಕ್ಕೆ 36 ಇಂಚು, ಮೀಟರಿಗೆ 39ಕ್ಕಿಂತ ತುಸು ಹೆಚ್ಚು. ಅಂಗಡಿಯವನು ಮೀಟರಿನಲ್ಲಿ ಅಳೆಯುತ್ತಾನೆ, ಪನ್ನ ಮಾತ್ರ ಇಂಚಿನಲ್ಲಿ ಹೇಳುತ್ತಾನೆ, ಟೇಲರನ ಟೇಪಿನಲ್ಲೂ ಇಂಚೇ ಓಡುತ್ತದೆ. ಮೆಟ್ರಿಕ್ ಪದ್ಧತಿಯ ಕಾಯಿದೆ ಬಂದದ್ದು 1956ರಲ್ಲಿ. ಟೇಲರನ ಕುತ್ತಿಗೆಯಿಂದ ಇಂಚನ್ನು ಇಳಿಸಲು ಅದಕ್ಕೆ ಇನ್ನೂ ಆಗಿಲ್ಲ.

ಒಂದೇ ಬಟ್ಟೆ ನಾಲ್ಕೂ ಊರಿಗೆ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಹಳಿಯಾಳ, ಮುಂಡಗೋಡ ಬಯಲುಸೀಮೆಗೆ ತಾಗಿಕೊಂಡಿವೆ. ಮಳೆಗಾಲದಲ್ಲೂ ನಡುನಡುವೆ ಬಿಸಿಲು ಬೀಳುತ್ತದೆ. ಜೋಯಿಡಾದ ಕ್ಯಾಸಲ್‌ರಾಕ್ ಕಡೆ ಜೂನ್ ಹಿಡಿಯಿತೆಂದರೆ ಒಲೆಯ ಮೇಲಿನ ಹಗ್ಗವೇ ಗತಿ. ಸಮವಸ್ತ್ರ ಹೊಗೆ ವಾಸನೆ ಹಿಡಿದು ಶಾಲೆಗೆ ಹೋಗುತ್ತದೆ. ನೂರು ಗ್ರಾಂ ಹತ್ತಿ ಗಾಳಿಯ ತೇವದಿಂದಲೇ ಸುಮಾರು ಎಂಟು ಗ್ರಾಂ ನೀರು ಹೀರಿ ಇಟ್ಟುಕೊಳ್ಳುತ್ತದೆ. ಪಾಲಿಯೆಸ್ಟರು ಅರ್ಧ ಗ್ರಾಂ ಕೂಡ ಇಲ್ಲ. ಸಮವಸ್ತ್ರಕ್ಕೆ ಎರಡೂ ಬೆರೆತ ಟೆರಿಕಾಟ್ ರೂಢಿಗೆ ಬಂದದ್ದು ಬೇಗ ಒಣಗುತ್ತದೆ, ಸುಕ್ಕಾಗುವುದಿಲ್ಲ ಎಂಬ ಕಾರಣಕ್ಕೆ. 'ಅಪ್ಪಟ ಹತ್ತಿಯೇ ಶ್ರೇಷ್ಠ' ಎಂಬ ಉಪದೇಶ ಏಪ್ರಿಲ್ ತಿಂಗಳಿಗೆ ಸರಿ. ಜುಲೈಯಲ್ಲಿ ಎರಡೇ ಜೊತೆ ಸಮವಸ್ತ್ರವಿರುವ ಮನೆಗೆ ಅದನ್ನು ಹೇಳಬಾರದು.

ಹತ್ತಿ ಎಂದು ಹೇಳಿ ಕೊಟ್ಟದ್ದು ಹತ್ತಿಯೇ ಎಂದು ತಿಳಿಯುವ ದಾರಿಯೂ ಇದೆ. ಅಂಚಿನ ಒಂದೇ ಎಳೆಯನ್ನು ಚಿಮಟದಲ್ಲಿ ಹಿಡಿದು, ದೊಡ್ಡವರು ಎದುರಿಗಿರುವಾಗ, ಬಚ್ಚಲಲ್ಲಿ ನೀರಿನ ಪಕ್ಕ ನಿಂತು ಸುಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಹಗುರಾಗಿ ಉದುರುತ್ತದೆ. ಹತ್ತಿಯೂ ಸೆಲ್ಯುಲೋಸ್, ಕಾಗದವೂ ಸೆಲ್ಯುಲೋಸ್, ದಾಂಡೇಲಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರೇಯಾನ್ ಕೂಡ ಹಾಗೇ ಉರಿಯುತ್ತದೆ, ಅದನ್ನೂ ಮರದ ತಿರುಳಿನಿಂದ ಮಾಡುತ್ತಾರೆ. 'ಬಿದಿರಿನ ಬಟ್ಟೆ' ಎಂದು ದುಬಾರಿ ಬೆಲೆಗೆ ಮಾರುವುದರಲ್ಲಿ ಬಹುಪಾಲು ಬಿದಿರಿನ ತಿರುಳಿನ ರೇಯಾನೇ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಉಣ್ಣೆ ಎಂದೊಡನೆ ಮುಂಡಗೋಡ ನೆನಪಾಗುತ್ತದೆ. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ಅನೇಕರು ಚಳಿಗಾಲ ಬಂತೆಂದರೆ ಬೇರೆ ಬೇರೆ ಊರುಗಳಿಗೆ ಹೋಗಿ ಸ್ವೆಟರ್ ಅಂಗಡಿ ಹಾಕುತ್ತಾರೆ. ಮಾಲು ಹೆಚ್ಚಾಗಿ ಪಂಜಾಬಿನ ಲುಧಿಯಾನದ್ದು. ಅಲ್ಲಿ ತೂಗುಹಾಕಿದ 'ಒಂದೇ ದರ' ಎಂಬ ಬೋರ್ಡು ಚೌಕಾಸಿಯಲ್ಲಿ ಪಳಗಿದ ಹೆಂಗಸರಿಗೆ ಮೊದಲು ಕಿರಿಕಿರಿ. ಅರ್ಧಕ್ಕೆ ಕೇಳದಿದ್ದರೆ ಮೋಸ ಹೋದೆವು ಎಂಬ ಭಾವನೆ ಬೇರೂರಿಬಿಟ್ಟಿದೆ. ಆದರೆ ಬಾಯಿ ಇದ್ದವರಿಗೂ ಇಲ್ಲದವರಿಗೂ ಅಲ್ಲಿ ಒಂದೇ ಬೆಲೆ. ನಾಚಿಕೆಯ ಸ್ವಭಾವದವರಿಗೆ ಅದೊಂದು ದೊಡ್ಡ ಉಪಕಾರ.

ಬೋರ್ಡಿನ ಮಾತು ಬಂದದ್ದರಿಂದ ಒಂದು ಲೆಕ್ಕ. 'ಶೇಕಡಾ 50, ಅದರ ಮೇಲೆ ಇನ್ನೂ ಶೇಕಡಾ 20 ರಿಯಾಯಿತಿ' ಎಂದು ಬರೆದಿದ್ದರೆ ಅದು 70 ಅಲ್ಲ. ಸಾವಿರ ರೂಪಾಯಿಯ ಷರ್ಟು ಐದುನೂರಕ್ಕೆ ಇಳಿಯಿತು, ಐದುನೂರರಲ್ಲಿ ಶೇಕಡಾ 20 ಅಂದರೆ ನೂರು. ಕೊಡಬೇಕಾದದ್ದು 400, ಸಿಕ್ಕ ರಿಯಾಯಿತಿ 60. ಏಳನೆಯ ಇಯತ್ತೆಯ ಆ ಮಗ ಇದನ್ನು ಅಂಗಡಿಯಲ್ಲೇ ಬಾಯಲ್ಲಿ ಹೇಳಿ, ಅಪ್ಪನ ಹೆಮ್ಮೆಗೂ ಸೇಲ್ಸ್‌ಮನ್ನನ ಮುನಿಸಿಗೂ ಪಾತ್ರನಾದ. 499 ಎಂಬ ಬೆಲೆಯ ವಿಚಾರ ಎಲ್ಲರಿಗೂ ಗೊತ್ತು, ಗೊತ್ತಿದ್ದೂ 'ನಾನ್ನೂರರ ಷರ್ಟು' ಎಂದೇ ಮನೆಯಲ್ಲಿ ಹೇಳುತ್ತಾರೆ. ಎಂಆರ್‌ಪಿ ಎಂದು ಮುದ್ರಿಸಿದ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಅದರ ಮೇಲೆ ಜಿಎಸ್‌ಟಿ ಎಂದು ಕೂಡಿಸುವ ಹಾಗಿಲ್ಲ.

ಇನ್ನು ಬಿಲ್ಲು. 'ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ' ಎಂಬ ವಾಕ್ಯವನ್ನು ದೇವರ ವಾಕ್ಯವೆಂದು ನಂಬಿದವರು ಬಹಳ. 1986ರ ಗ್ರಾಹಕರ ಕಾಯಿದೆಯ ಜಾಗದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹಾಗೇನೂ ಹೇಳಿಲ್ಲವಾದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅಷ್ಟೇ. ದೂರು ಹೇಳಲು 1915 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. ಜಿಲ್ಲಾ ಆಯೋಗ ಘಟ್ಟದ ಕೆಳಗೆ ಕಾರವಾರದಲ್ಲಿದೆಯಾದರೂ ಅಂತರಜಾಲದಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಸರಕಿಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಆದರೆ ಹರಿದದ್ದು, ಬಣ್ಣ ಬಿಟ್ಟದ್ದು ದೋಷ. ಬಿಸಿಲಿನಲ್ಲಿ ಬೇರೆ ಕಂಡಿತು ಎಂಬುದನ್ನು ದೋಷವೆಂದು ಒಪ್ಪಿಸುವುದು ಕಷ್ಟ. ಅದನ್ನು ಕೊಳ್ಳುವ ಮುನ್ನವೇ ನೋಡಬೇಕು. ಬಣ್ಣ ಬಿಡುತ್ತದೋ ಎಂದು ತಿಳಿಯಲು ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಒಂದು ಮೂಲೆಯನ್ನು ಹತ್ತು ಸಲ ಉಜ್ಜಿದರೆ ಸಾಕು. ಅಂಗಡಿಯವನ ಮುಖ ನೋಡಬಾರದು, ಕರವಸ್ತ್ರ ನೋಡಬೇಕು.

ಗಿಡ್ಡವಾದ ಆ ನೀಲಿ ಟಾಪು ಮಳೆಗಾಲಕ್ಕೆ ಮೊದಲು ಕೌದಿಗೆ ಹೋಯಿತು. ಹಳಿಯಾಳ, ಮುಂಡಗೋಡದ ಹಳ್ಳಿಗಳ ಸಿದ್ದಿ ಹೆಂಗಸರ ಕೌದಿ ಈಗ ಪರದೇಶಗಳಲ್ಲೂ ಹೆಸರಾಗಿದೆ. ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿಗೆ ಅಂಚು ತುಂಡುಗಳನ್ನು ಹಚ್ಚುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಿಚಿದ ಬಣ್ಣದ ಚೂರುಗಳ ಹೂವು. ಅಳತೆಪಟ್ಟಿಯಿಲ್ಲ, ನಕ್ಷೆಯಿಲ್ಲ. ಅಲ್ಲಿ ಯಾವ ಬಣ್ಣವೂ ಇನ್ನೊಂದಕ್ಕೆ ಮ್ಯಾಚ್ ಆಗಬೇಕಿಲ್ಲ. ಟಾಪು ತೆಗೆದುಕೊಂಡ ಅಜ್ಜಿ ವೇಲನ್ನು ಬೆರಳಲ್ಲಿ ಉಜ್ಜಿ ನೋಡಿ, 'ಇದು ಜಾರ್ತೈತಿ' ಎಂದು ವಾಪಸು ಕೊಟ್ಟಳು. ಅದು ಇನ್ನೂ ಟ್ರಂಕಿನಲ್ಲಿದೆ.

ಜೂನ್ ಮೊದಲ ವಾರ ಹಳಿಯಾಳದ ಒಂದು ಅಂಗಡಿಯಲ್ಲಿ ಮಗನ ಸಮವಸ್ತ್ರಕ್ಕೆ ಬಟ್ಟೆ ಹರಿಸುತ್ತಿದ್ದರು. ಗಲ್ಲೆಯ ಮೇಲೆ ಚೂಡಿದಾರ್ ಪೀಸುಗಳು ಹರಡಿದ್ದವು. ಅವ್ವ ಎರಡು ಪೀಸು ಎತ್ತಿಟ್ಟು ಸುಮ್ಮನೆ ಮಗಳ ಕಡೆ ನೋಡಿದರು. 'ನೀವ ಆರಸ್ರಿ' ಎಂಬ ಮಾತು ಬರಬೇಕಿತ್ತು, ಬರಲಿಲ್ಲ. ಅವಳು ಎರಡನ್ನೂ ವೇಲುಗಳ ಸಮೇತ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಅಂಗಡಿಯ ಹುಡುಗ ಗಾಬರಿಯಾಗಿ ಹಿಂದೆಯೇ ಬಂದ.

'ಎಲ್ಲಿಗೆ ಒಯ್ತೀರಿ ಅಕ್ಕಾರ?'

'ಬೆಳಕಿಗೆ.'

'ಹೊರಗ ಮೋಡ ಐತಲ್ರಿ. ಒಳಗ ಇಷ್ಟ ಲೈಟ್ ಹಾಕೇವಿ.'

'ಮೋಡಿದ್ರ ಇನ್ನೂ ಚಲೋ' ಎಂದಳು. ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬೀಳುತ್ತದೆ, ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಬಟ್ಟೆ ಗಿರಣಿಗಳಲ್ಲಿ ಬಣ್ಣ ಪರೀಕ್ಷಿಸುವವರೂ ಅಂಥ ಹಗಲ ಬೆಳಕನ್ನು ಹೋಲುವ ದೀಪದ ಪೆಟ್ಟಿಗೆಯನ್ನೇ ಇಟ್ಟುಕೊಂಡಿರುತ್ತಾರೆ. ಇದನ್ನೆಲ್ಲ ಅವಳು ಹುಡುಗನಿಗೆ ಹೇಳಲಿಲ್ಲ. ಹೊಸ್ತಿಲಲ್ಲಿ ನಿಂತು ಒಂದನ್ನು ಹಿಡಿದಳು, ಇನ್ನೊಂದನ್ನು ಹಿಡಿದಳು, ತಲೆ ಓರೆ ಮಾಡಿ ನೋಡಿದಳು. ಹನಿ ಬೀಳತೊಡಗಿತು. ಒಂದನ್ನು ಹುಡುಗನ ಕೈಗೆ ಕೊಟ್ಟು, ಇನ್ನೊಂದನ್ನು ಎದೆಗೊತ್ತಿಕೊಂಡು ಒಳಗೆ ಓಡಿದಳು.

ಅಪ್ಪ ಕಿಸೆಯಿಂದ ದುಡ್ಡು ತೆಗೆದು ಎಣಿಸಿದರು. 'ಕಾಲು ಮೀಟರ ಜಾಸ್ತಿ ಕೊಡ್ರಿ' ಎಂದರು, 'ಮತ್ತ ಬಿಲ್ ಕೊಡ್ರಿ.'